ಏರ್‌ಬಸ್ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ಹತ್ತುವವರು ಕೇಳಿದ್ದು, ಕಾಗದದಲ್ಲಿ ಬಂದದ್ದು, ಮೆಷಿನ್ ಶಾಪ್ ನಡೆಸುವವರು ವಿಚಾರಿಸಿದ್ದು ಎಲ್ಲ ಇಲ್ಲಿ ಒಟ್ಟಿಗಿದೆ. ಸುಲಭದ್ದು ಮೊದಲು, ಕಬ್ಬಿಣದ ಕಡಲೆ ಕೊನೆಗೆ. ಒಂದು ಉತ್ತರ ಇನ್ನೊಂದನ್ನು ನೆಚ್ಚಿಕೊಂಡಿಲ್ಲ, ಬೇಕಾದ್ದನ್ನು ನೇರವಾಗಿ ಓದಬಹುದು.

## ಮೊದಲ ಪರಿಚಯ

ಏರ್‌ಬಸ್ ಯಾವ ದೇಶದ ಕಂಪನಿ? ಒಬ್ಬರು ಫ್ರಾನ್ಸ್ ಅಂತಾರೆ, ಇನ್ನೊಬ್ಬರು ಜರ್ಮನಿ ಅಂತಾರೆ.

ಇಬ್ಬರದೂ ಅರ್ಧ ಸರಿ. ಕಂಪನಿ ನೋಂದಣಿಯಾಗಿರುವುದು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಆಡಳಿತ ನಡೆಯುವುದು ಫ್ರಾನ್ಸಿನ ಟುಲೂಸ್‌ನಿಂದ. ಫ್ರಾನ್ಸ್ ಮತ್ತು ಜರ್ಮನಿ ಸರ್ಕಾರಗಳ ಕೈಯಲ್ಲಿ ತಲಾ ಶೇ 11ರ ಆಸುಪಾಸು, ಸ್ಪೇನ್ ಸರ್ಕಾರದ ಕೈಯಲ್ಲಿ ಶೇ 4ರಷ್ಟು ಷೇರುಗಳಿವೆ. ಉಳಿದದ್ದು ಷೇರುಪೇಟೆಯಲ್ಲಿ.

1969ರ ಮೇ ತಿಂಗಳಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಸೇರಿ ಒಂದು ವಿಮಾನ ಕಟ್ಟುವ ಒಪ್ಪಂದ ಮಾಡಿಕೊಂಡವು. 1970ರ ಡಿಸೆಂಬರಿನಲ್ಲಿ ಏರ್‌ಬಸ್ ಇಂಡಸ್ಟ್ರೀ ಹುಟ್ಟಿತು. ಮರುವರ್ಷ ಸ್ಪೇನ್ ಸೇರಿತು, 1979ರಲ್ಲಿ ಶೇ 20ರ ಪಾಲು ಹಿಡಿದು ಬ್ರಿಟನ್ ಬಂತು. ಮೊದಲ ಮೂವತ್ತು ವರ್ಷ ಇದು ಪಾಲುದಾರರ ಒಕ್ಕೂಟ ಮಾತ್ರ. ಕಾರ್ಖಾನೆಗಳು ಆಯಾ ದೇಶದವರದ್ದು, ಮಾರಾಟ ಮಾತ್ರ ಒಂದೇ ಹೆಸರಲ್ಲಿ. 2000ದಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಕಂಪನಿಗಳು ಇಎಡಿಎಸ್ (ಇಂದಿನ ಏರ್‌ಬಸ್‌ನ ಆಗಿನ ಹೆಸರು) ಎಂಬ ಹೆಸರಿನಡಿ ಒಂದಾದವು. 2006ರಲ್ಲಿ ಬ್ರಿಟನ್ನಿನ ಬಿಎಇ ತನ್ನ ಪಾಲು ಮಾರಿ ಹೊರನಡೆಯಿತು. ಆದರೂ ರೆಕ್ಕೆಗಳು ಇಂದಿಗೂ ವೇಲ್ಸ್‌ನಲ್ಲೇ ತಯಾರಾಗುತ್ತವೆ. ಪಾಲು ಮಾರಬಹುದು, ರೆಕ್ಕೆ ಕಟ್ಟುವ ಕೈಚಳಕವನ್ನು ಬೇರೆ ಊರಿಗೆ ಸಾಗಿಸುವುದು ಕಷ್ಟ.

ಹೆಸರಲ್ಲಿ 'ಬಸ್' ಯಾಕಿದೆ?

1960ರ ದಶಕದಲ್ಲಿ ಕಡಿಮೆ ದೂರಕ್ಕೆ ಹೆಚ್ಚು ಜನರನ್ನು ಒಯ್ಯುವ ಅಗಲ ಒಡಲಿನ ವಿಮಾನವನ್ನು ಯುರೋಪಿನವರು ಸಾಮಾನ್ಯವಾಗಿ ಹಾಗೆ ಕರೆಯುತ್ತಿದ್ದರು. ಅದೇ ಹೆಸರು ನಿಂತಿತು. ಮೊದಲ ವಿಮಾನ ಎ300ರ 300 ಎಂದರೆ ಅಂದುಕೊಂಡಿದ್ದ ಪ್ರಯಾಣಿಕರ ಸಂಖ್ಯೆ. ಆಮೇಲೆ ಅದನ್ನು 250ಕ್ಕೆ ಇಳಿಸಿದರು, ಹೆಸರು ಮಾತ್ರ ಇಳಿಯಲಿಲ್ಲ.

ಬೋಯಿಂಗ್‌ನಂಥ ದೈತ್ಯ ಎದುರಿಗಿದ್ದಾಗ ಇವರು ತಲೆ ಎತ್ತಿದ್ದು ಹೇಗೆ?

ಸುಲಭದಲ್ಲಲ್ಲ. ಎ300 ಮೊದಲು ಹಾರಿದ್ದು 1972ರ ಅಕ್ಟೋಬರ್ 28ರಂದು, ಏರ್ ಫ್ರಾನ್ಸ್ ಸೇವೆಗೆ ಬಂದದ್ದು 1974ರಲ್ಲಿ. ಎರಡೇ ಇಂಜಿನ್‌ನ ಮೊದಲ ಅಗಲ ಒಡಲಿನ ವಿಮಾನ ಅದು. ಆದರೂ 1970ರ ದಶಕದ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಸ ಆರ್ಡರ್ ಬರಲಿಲ್ಲ. ಯಾವ ಕಂಪನಿಯ ಬಣ್ಣವೂ ಇಲ್ಲದ ಬಿಳಿ ಬಾಲದ ವಿಮಾನಗಳು ಟುಲೂಸ್‌ನಲ್ಲಿ ಸಾಲಾಗಿ ನಿಂತಿದ್ದವು. 1977ರಲ್ಲಿ ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ಗೆ ನಾಲ್ಕು ವಿಮಾನಗಳನ್ನು 'ಆರು ತಿಂಗಳು ಓಡಿಸಿ ನೋಡಿ' ಎಂದು ಕೊಟ್ಟರು. ಇಂಧನ ದುಬಾರಿಯಾಗಿದ್ದ ಕಾಲ, ಮೂರು ಇಂಜಿನ್ ಉರಿಸುವ ಕಡೆ ಎರಡು ಸಾಕು ಎಂಬ ಲೆಕ್ಕ ಈಸ್ಟರ್ನ್‌ಗೆ ಹಿಡಿಸಿತು. 1978ರಲ್ಲಿ ಅವರು 23 ವಿಮಾನ ಕೊಂಡರು. ನಮ್ಮ ಇಂಡಿಯನ್ ಏರ್‌ಲೈನ್ಸ್ ಅದಕ್ಕೂ ಮೊದಲೇ, 1976ರಲ್ಲೇ ಎ300 ತರಿಸಿಕೊಂಡಿತ್ತು.

ಪ್ರಯಾಣಿಕರ ವಿಮಾನ ಬಿಟ್ಟು ಬೇರೇನು ಮಾಡುತ್ತಾರೆ?

ಹೆಲಿಕಾಪ್ಟರ್, ಸೇನಾ ಸಾಗಣೆ ವಿಮಾನ ಎ400ಎಂ ಮತ್ತು ಸಿ295, ಆಕಾಶದಲ್ಲೇ ಇಂಧನ ತುಂಬಿಸುವ ಎ330, ಉಪಗ್ರಹಗಳು. ಯೂರೋಫೈಟರ್ ಯುದ್ಧವಿಮಾನದಲ್ಲಿ, ಕ್ಷಿಪಣಿ ಕಂಪನಿ ಎಂಬಿಡಿಎಯಲ್ಲಿ, ಏರಿಯಾನ್ ರಾಕೆಟ್ಟಿನಲ್ಲಿ ಪಾಲಿದೆ. ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ಕಟ್ಟಿದ ಚೇತಕ್, ಆಮೇಲಿನ ಚೀತಾ ಹೆಲಿಕಾಪ್ಟರ್‌ಗಳ ಮೂಲ ವಿನ್ಯಾಸ ಫ್ರಾನ್ಸಿನ ಏರೋಸ್ಪಾಸಿಯಾಲ್ ಮನೆತನದ್ದು. ಅದೇ ಮನೆತನ ಇಂದು ಏರ್‌ಬಸ್ ಹೆಲಿಕಾಪ್ಟರ್ಸ್.

ನಿಂತಿರುವ ವಿಮಾನ ನೋಡಿದ ಕೂಡಲೇ ಏರ್‌ಬಸ್ಸೋ ಬೋಯಿಂಗೋ ಅಂತ ಹೇಳೋದು ಹೇಗೆ?

ನಮ್ಮ ನಿಲ್ದಾಣಗಳಲ್ಲಿ ಹೆಚ್ಚಾಗಿ ಎದುರಾಗುವುದು ಎ320 ಮತ್ತು ಬೋಯಿಂಗ್ 737. ಪೈಲಟ್ ಕಿಟಕಿಗಳ ಸಾಲಿನಲ್ಲಿ ಕೊನೆಯದನ್ನು ನೋಡಿ: ಎ320ಯಲ್ಲಿ ಅದರ ಮೇಲಿನ ಹಿಂಬದಿ ಮೂಲೆ ಕತ್ತರಿಸಿದಂತಿರುತ್ತದೆ. ಬಾಲದ ಬುಡ ನೋಡಿ: 737ರಲ್ಲಿ ಬಾಲ ಏಳುವ ಮೊದಲೇ ಬೆನ್ನಿನ ಮೇಲೆ ಒಂದು ಚೂಪು ಏಣು ಶುರುವಾಗುತ್ತದೆ, ಎ320ಯ ಬಾಲ ನೇರ ಏಳುತ್ತದೆ. ಇಂಜಿನ್ ಬಾಯಿ ಪೂರ್ತಿ ದುಂಡಗಿದ್ದರೆ ಏರ್‌ಬಸ್. 737 ನೆಲಕ್ಕೆ ಹತ್ತಿರ ನಿಲ್ಲುವುದರಿಂದ ಅದರ ಇಂಜಿನ್ ಬಾಯಿ ಅಡಿಯಲ್ಲಿ ಚಪ್ಪಟೆ. ಮೇಲೇರಿದ ಮೇಲೂ ಹೊಟ್ಟೆಯಡಿ ಚಕ್ರಗಳು ಬರಿಗಣ್ಣಿಗೆ ಕಂಡರೆ 737, ಅದರ ಮುಖ್ಯ ಚಕ್ರಗಳಿಗೆ ಪೂರ್ತಿ ಮುಚ್ಚುವ ಬಾಗಿಲಿಲ್ಲ.

ಬಾಗಿಲ ಬಳಿ 'ಎ320-251ಎನ್' ಅಂತ ಬರೆದಿರುತ್ತೆ. ಏನದು?

ಮೊದಲ ಭಾಗ ಮಾದರಿ. ಎ319 33.84 ಮೀಟರ್, ಎ320 37.57 ಮೀಟರ್, ಎ321 44.51 ಮೀಟರ್ ಉದ್ದ. ಅಗಲ, ರೆಕ್ಕೆಯ ಮೂಲ ವಿನ್ಯಾಸ, ಪೈಲಟ್ ಕೋಣೆ ಬಹುಪಾಲು ಒಂದೇ. ಹಾಗಾಗಿ ಒಬ್ಬ ಪೈಲಟ್ ಒಂದೇ ರೇಟಿಂಗ್‌ನಲ್ಲಿ, ಅಂದರೆ ಒಂದೇ ಅನುಮತಿಯಲ್ಲಿ, ಮೂರನ್ನೂ ಓಡಿಸುತ್ತಾರೆ. ಅಡ್ಡಗೆರೆಯ ನಂತರದ ಎರಡನೇ ಅಂಕಿ ಇಂಜಿನ್ ಯಾರದ್ದೆಂದು ಹೇಳುತ್ತದೆ: 251 ಎಂದರೆ ಸಿಎಫ್‌ಎಂ ಲೀಪ್, 271 ಎಂದರೆ ಪ್ರಾಟ್ ಅಂಡ್ ವಿಟ್ನಿ. ಕೊನೆಯ 'ಎನ್' ಎಂದರೆ ಹೊಸ ಇಂಜಿನ್‌ನ ನಿಯೋ. ಪಕ್ಕದಲ್ಲೇ ಇರುವ ಎಂಎಸ್‌ಎನ್ ಸಂಖ್ಯೆ ಕಾರ್ಖಾನೆಯ ಕ್ರಮಸಂಖ್ಯೆ. ವಿಮಾನ ಎಷ್ಟು ಕೈ ಬದಲಾದರೂ ಅದು ಬದಲಾಗುವುದಿಲ್ಲ.

## ಸೀಟಿನಲ್ಲಿ ಕೂತಾಗ

ಹೊರಡುವ ಮೊದಲು ಕಾಲಡಿ ನಾಯಿ ಬೊಗಳಿದ ಹಾಗೆ, ಗರಗಸ ಎಳೆದ ಹಾಗೆ ಸದ್ದು ಬರುತ್ತೆ. ಏನಾದರೂ ಕೆಟ್ಟಿದೆಯಾ?

ಇಲ್ಲ. ಅದು ಪವರ್ ಟ್ರಾನ್ಸ್‌ಫರ್ ಯೂನಿಟ್, ಬಾಯಿಮಾತಿನಲ್ಲಿ ಪಿಟಿಯು. ಎ320ಯಲ್ಲಿ ಎಣ್ಣೆಯ ಒತ್ತಡದಿಂದ ಭಾಗಗಳನ್ನು ಆಡಿಸುವ ಮೂರು ಹೈಡ್ರಾಲಿಕ್ ಸಾಲುಗಳಿವೆ: ಹಸಿರು, ಹಳದಿ, ನೀಲಿ. ಮೂರರಲ್ಲೂ ಒತ್ತಡ 3000 ಪಿಎಸ್‌ಐ. ಹಸಿರು ಸಾಲನ್ನು ಎಡ ಇಂಜಿನ್ ತುಂಬಿಸುತ್ತದೆ, ಹಳದಿಯನ್ನು ಬಲ ಇಂಜಿನ್, ನೀಲಿಯನ್ನು ವಿದ್ಯುತ್ ಪಂಪು. ಹಸಿರಿಗೂ ಹಳದಿಗೂ ಒತ್ತಡದ ಅಂತರ 500 ಪಿಎಸ್‌ಐ ದಾಟಿದರೆ ಪಿಟಿಯು ತಾನಾಗಿ ಎದ್ದು, ಹೆಚ್ಚಿರುವ ಕಡೆಯ ಒತ್ತಡದಿಂದ ಕಡಿಮೆ ಇರುವ ಕಡೆಗೆ ಬಲ ಕೊಡುತ್ತದೆ. ಎಣ್ಣೆ ಮಾತ್ರ ಅತ್ತಿಂದಿತ್ತ ಹೋಗುವುದಿಲ್ಲ, ನಡುವೆ ಒಂದು ಶಾಫ್ಟ್ ತಿರುಗುತ್ತದೆ ಅಷ್ಟೆ. ಹಾಗಾಗಿ ಒಂದು ಸಾಲು ಸೋರಿದರೆ ಇನ್ನೊಂದು ಬರಿದಾಗುವುದಿಲ್ಲ.

ಎರಡನೇ ಇಂಜಿನ್ ಚಾಲೂ ಮಾಡುವಾಗ ಪಿಟಿಯು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಒತ್ತಡ ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಆ ಬಿಟ್ಟು ಬಿಟ್ಟು ಬರುವ ಓಟವೇ 'ವ್ರೂಫ್, ವ್ರೂಫ್'. ಯಂತ್ರ ಇರುವುದು ರೆಕ್ಕೆಯ ಹತ್ತಿರ, ಚಕ್ರ ಮಡಚುವ ಗೂಡಿನಲ್ಲಿ. ಅದಕ್ಕೇ ನಡುವಿನ ಸಾಲುಗಳಲ್ಲಿ ಕೂತವರಿಗೆ ಜೋರು, ಮುಂದಿನವರಿಗೆ ಕ್ಷೀಣ.

ಎ320 ಸೀಟು 737ಗಿಂತ ಅಗಲವಂತೆ, ಹೌದಾ?

ಒಳಗಿನ ಅಗಲ 3.70 ಮೀಟರ್, 737ರದ್ದು 3.53. ಆರು ಸೀಟಿಗೆ ಹಂಚಿದರೆ ತಲಾ ಒಂದಂಗುಲ. ಮೊಣಕಾಲಿಗೆ ಸಿಗುವ ಜಾಗ ಮಾತ್ರ ವಿಮಾನ ತಯಾರಕರದ್ದಲ್ಲ. ಎಷ್ಟು ಸಾಲು ಹಾಕಬೇಕೆಂದು ತೀರ್ಮಾನಿಸುವುದು ವಿಮಾನಯಾನ ಕಂಪನಿ, ಬೈಗುಳ ಅವರಿಗೇ ಸಲ್ಲಬೇಕು.

ಸ್ಟಿಯರಿಂಗ್ ಇಲ್ಲದೆ ಒಂದು ಸಣ್ಣ ಕೋಲಿನಲ್ಲಿ ಹೇಗೆ ಓಡಿಸುತ್ತಾರೆ?

1987ರ ಫೆಬ್ರವರಿ 22ರಂದು ಮೊದಲು ಹಾರಿದ ಎ320 ಪೂರ್ತಿ ಡಿಜಿಟಲ್ ಫ್ಲೈ-ಬೈ-ವೈರ್ ಅಳವಡಿಸಿದ ಮೊದಲ ಪ್ರಯಾಣಿಕ ವಿಮಾನ. ಪೈಲಟ್ ಪಕ್ಕದ ಸೈಡ್‌ಸ್ಟಿಕ್ ಎಳೆದರೆ ಯಾವ ಕೇಬಲ್ಲೂ ಎಳೆಯುವುದಿಲ್ಲ. ಕಂಪ್ಯೂಟರ್‌ಗೆ ಒಂದು ಕೋರಿಕೆ ಹೋಗುತ್ತದೆ, ಅದು ರೆಕ್ಕೆ ಮತ್ತು ಬಾಲದ ಫಲಕಗಳನ್ನು ತಿರುಗಿಸುತ್ತದೆ. ಇದಕ್ಕಾಗಿ ಏಳು ಕಂಪ್ಯೂಟರ್‌ಗಳಿವೆ: ಎರಡು ಎಲಾಕ್, ಮೂರು ಸೆಕ್, ಎರಡು ಫ್ಯಾಕ್. ಎಲ್ಲ ಸರಿಯಿರುವಾಗ ಕಂಪ್ಯೂಟರ್ 67 ಡಿಗ್ರಿಗಿಂತ ಹೆಚ್ಚು ವಾಲಲು, 30 ಡಿಗ್ರಿಗಿಂತ ಹೆಚ್ಚು ಮೂಗೆತ್ತಲು ಬಿಡುವುದಿಲ್ಲ. ದೋಷಗಳು ಹೆಚ್ಚಾದಂತೆ ಈ ಕಾವಲು ಒಂದೊಂದಾಗಿ ಕಳಚಿ, ಕೊನೆಗೆ ಕೋಲು ತಿರುಗಿಸಿದಷ್ಟೇ ಫಲಕ ತಿರುಗುವ ಸ್ಥಿತಿಗೆ ಬರುತ್ತದೆ.

ಎರಡು ಕೋಲುಗಳ ನಡುವೆ ಜೋಡಣೆ ಇಲ್ಲ ಎನ್ನುವುದು ಇದರ ಚರ್ಚಾಸ್ಪದ ಗುಣ. ಒಬ್ಬರು ಎಳೆದರೆ ಇನ್ನೊಬ್ಬರ ಕೈಗೆ ಗೊತ್ತಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಆಡಿಸಿದರೆ ಕಂಪ್ಯೂಟರ್ ಎರಡನ್ನೂ ಕೂಡಿಸುತ್ತದೆ, 'ಡ್ಯುಯಲ್ ಇನ್‌ಪುಟ್' ಎಂದು ಕೂಗುತ್ತದೆ. ಕೋಲಿನ ಮೇಲಿನ ಕೆಂಪು ಗುಂಡಿ ಒತ್ತಿದವರಿಗೆ ಅಧಿಕಾರ.

1990ರ ಬೆಂಗಳೂರು ದುರಂತಕ್ಕೆ ಈ ಕಂಪ್ಯೂಟರೇ ಕಾರಣ ಅಂತ ಕೇಳಿದ್ದೇವೆ. ನಿಜವೇ?

1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು. ಇಳಿಯುವ ಹಂತದಲ್ಲಿ ವಿಮಾನ 'ಓಪನ್ ಡಿಸೆಂಟ್' ಎಂಬ ಮೋಡ್‌ನಲ್ಲಿತ್ತು. ಅದರಲ್ಲಿ ಇಂಜಿನ್‌ಗಳು ಐಡಲ್‌ಗೆ, ಅಂದರೆ ಕನಿಷ್ಠ ಬಲಕ್ಕೆ, ಹೋಗುತ್ತವೆ, ವೇಗ ಕಾಯುವುದು ಮೂಗಿನ ಕೋನದ ಕೆಲಸ. ಎತ್ತರ ಉಳಿಸಿಕೊಳ್ಳಲು ಮೂಗೆತ್ತಿದರೆ ವೇಗ ಸೋರುತ್ತದೆ. ವೇಗ ಕುಸಿಯುತ್ತಿರುವುದನ್ನು ಪೈಲಟ್‌ಗಳು ಹೊತ್ತಿಗೆ ಗಮನಿಸಲಿಲ್ಲ ಎಂದು ವಿಚಾರಣೆ ಹೇಳಿತು. ಐಡಲ್‌ನಲ್ಲಿರುವ ಜೆಟ್ ಇಂಜಿನ್ ಪೂರ್ಣ ಬಲಕ್ಕೆ ಬರಲು ಹಲವು ಸೆಕೆಂಡು ಬೇಕು, ಅಷ್ಟು ಎತ್ತರ ಉಳಿದಿರಲಿಲ್ಲ.

ಕಂಪ್ಯೂಟರ್ ಕೆಟ್ಟಿರಲಿಲ್ಲ. ಆದರೆ ವಿನ್ಯಾಸದ ಕಡೆಗೂ ಒಂದು ಮಾತು ಹೇಳಲೇಬೇಕು: ಏರ್‌ಬಸ್‌ನ ಆಟೋಥ್ರಸ್ಟ್‌ನಲ್ಲಿ ಇಂಜಿನ್ ಬಲ ಏರಿಳಿದರೂ ಥ್ರಸ್ಟ್ ಲಿವರ್ ಅಲುಗಾಡುವುದಿಲ್ಲ. ಕೈಗೆ ಸಿಗುತ್ತಿದ್ದ ಸುಳಿವನ್ನು ಕಣ್ಣು ಪರದೆಯ ಮೇಲೆ ಹುಡುಕಬೇಕು. ಅದಕ್ಕೇ ಇಂದಿನ ತರಬೇತಿಯಲ್ಲಿ ಪರದೆಯ ಮೇಲ್ಭಾಗದ ಮೋಡ್ ಪಟ್ಟಿಯ ಪ್ರತಿ ಬದಲಾವಣೆಯನ್ನೂ ಬಾಯಿಬಿಟ್ಟು ಹೇಳಿಸುತ್ತಾರೆ.

ಆ ಕಾಲದ ಇಂಡಿಯನ್ ಏರ್‌ಲೈನ್ಸ್ ಎ320ಗಳಿಗೆ ಒಂದು ವಿಶೇಷವಿತ್ತು. ಬೇರೆಡೆ ಪ್ರತಿ ಮುಖ್ಯ ಕಾಲಿಗೆ ಎರಡು ಚಕ್ರ, ನಮ್ಮವಕ್ಕೆ ನಾಲ್ಕು. ಗಟ್ಟಿಯಿಲ್ಲದ ರನ್‌ವೇಗಳ ಮೇಲೆ ಭಾರ ಹಂಚಲು ಹಾಗೆ ಮಾಡಿಸಿಕೊಂಡಿದ್ದರು.

## ಕಟ್ಟುವುದು, ಸಾಗಿಸುವುದು

ವಿಮಾನ ನಿಜವಾಗಿ ತಯಾರಾಗುವುದು ಎಲ್ಲಿ?

ಒಂದೇ ಊರಿನ ಹೆಸರು ಹೇಳಲಾಗದು. ಎ320ಯ ರೆಕ್ಕೆ ವೇಲ್ಸ್‌ನ ಬ್ರಾಟನ್‌ನಿಂದ, ನಿಂತ ಬಾಲ ಜರ್ಮನಿಯ ಸ್ಟಾಡ್‌ನಿಂದ, ಅಡ್ಡ ಬಾಲ ಸ್ಪೇನಿನ ಗೆಟಾಫೆಯಿಂದ, ಮುಂದಿನ ಒಡಲು ಫ್ರಾನ್ಸಿನ ಸೇಂಟ್ ನಜೈರ್‌ನಿಂದ, ಹಿಂದಿನ ಒಡಲು ಹ್ಯಾಂಬರ್ಗ್‌ನಿಂದ. ಕೊನೆಯ ಜೋಡಣೆ ಟುಲೂಸ್, ಹ್ಯಾಂಬರ್ಗ್, ಚೀನಾದ ಟಿಯಾಂಜಿನ್, ಅಮೆರಿಕದ ಮೊಬೈಲ್ ಊರುಗಳಲ್ಲಿ. ಭಾಗಗಳು ಬರುವಾಗ ಖಾಲಿ ಡಬ್ಬಗಳಾಗಿರುವುದಿಲ್ಲ, ಒಳಗೆ ವೈರು, ಪೈಪು ಎಲ್ಲ ಹಾಕಿಯೇ ಬರುತ್ತವೆ. ಜೋಡಣಾ ಸಾಲಿನಲ್ಲಿ ಉಳಿಯುವುದು ಸೇರಿಸುವುದು, ಪರೀಕ್ಷಿಸುವುದು, ಇಂಜಿನ್ ತೂಗುಹಾಕುವುದು. ದೊಡ್ಡ ತಡಗಳು ಹಲವು ಸಲ ಹುಟ್ಟುವುದು ಇಂಥ ಕೂಡು ಜಾಗಗಳಲ್ಲೇ.

ತಿಮಿಂಗಿಲದ ಹಾಗೆ ಇರುವ ಆ ವಿಮಾನ ಯಾವುದು?

ಬೆಲುಗಾ. ಮೊದಲ ತಲೆಮಾರನ್ನು ಎ300-600ರಿಂದ ಮಾಡಿದರು, ಐದು ಕಟ್ಟಿದರು. ಈಗಿನ ಬೆಲುಗಾ ಎಕ್ಸ್‌ಎಲ್ ಎ330ರಿಂದ ಬಂದದ್ದು, ಒಟ್ಟು ಆರು, 2020ರ ಜನವರಿಯಿಂದ ಕೆಲಸದಲ್ಲಿದೆ. ಹಳೆಯದರಲ್ಲಿ ಎ350ರ ಒಂದು ರೆಕ್ಕೆ ಹಿಡಿಯುತ್ತಿತ್ತು, ಇದರಲ್ಲಿ ಎರಡು. ಪೈಲಟ್ ಕೋಣೆಯನ್ನು ಕೆಳಗೆ ತಳ್ಳಿರುವುದರಿಂದ ಹಣೆಯನ್ನೇ ಬಾಗಿಲಾಗಿ ಎತ್ತಿ ಸಾಮಾನು ನೇರ ಒಳಗೆ ತಳ್ಳಬಹುದು. ಬೆಲುಗಾಗೂ ಮೊದಲು ಈ ಕೆಲಸಕ್ಕಿದ್ದ ಸೂಪರ್ ಗಪ್ಪಿಗಳು ಹಳೆಯ ಬೋಯಿಂಗ್‌ಗಳಿಂದ ರೂಪಿಸಿದವು. ಪ್ರತಿ ಏರ್‌ಬಸ್ ಹುಟ್ಟುವ ಮೊದಲು ಬೋಯಿಂಗ್‌ನಲ್ಲಿ ಹಾರಿರುತ್ತದೆ ಎಂಬ ಚೇಷ್ಟೆ ಆಗ ಚಾಲ್ತಿಯಲ್ಲಿತ್ತು.

ಅಷ್ಟು ದೊಡ್ಡ ಎ380 ಯಾಕೆ ಸೋತಿತು?

2005ರ ಏಪ್ರಿಲ್ 27ರಂದು ಹಾರಿತು, 2007ರ ಅಕ್ಟೋಬರಿನಲ್ಲಿ ಸಿಂಗಪುರ ಏರ್‌ಲೈನ್ಸ್ ಸೇವೆಗೆ ಇಳಿಸಿತು. 2019ರಲ್ಲಿ ನಿಲ್ಲಿಸುವ ಘೋಷಣೆಯಾಯಿತು, 2021ರ ಡಿಸೆಂಬರಿನಲ್ಲಿ ಕೊನೆಯದು ಎಮಿರೇಟ್ಸ್‌ಗೆ ಹೋಯಿತು. ಒಟ್ಟು 251, ಅದರಲ್ಲಿ 123 ಎಮಿರೇಟ್ಸ್ ಒಂದರದ್ದೇ.

ಮೊದಲ ಪೆಟ್ಟು ವೈರಿನದು. ಒಂದು ಎ380ಯಲ್ಲಿ ಸುಮಾರು 530 ಕಿ.ಮೀ. ವೈರು. ಹ್ಯಾಂಬರ್ಗ್‌ನವರು ಕಟಿಯಾ ತಂತ್ರಾಂಶದ 4ನೇ ಆವೃತ್ತಿಯಲ್ಲಿ, ಟುಲೂಸ್‌ನವರು 5ನೇ ಆವೃತ್ತಿಯಲ್ಲಿ ಚಿತ್ರ ಬರೆದಿದ್ದರು. ಎರಡೂ ಒಂದಕ್ಕೊಂದು ಸರಿಯಾಗಿ ಮಾತಾಡಲಿಲ್ಲ. ವೈರಿನ ಕಟ್ಟು ಎಲ್ಲಿ ಬಾಗಬೇಕು, ಬಾಗಿದಾಗ ಎಷ್ಟು ಉದ್ದ ತಿನ್ನುತ್ತದೆ ಎಂಬ ಲೆಕ್ಕ ತಪ್ಪಿತು. ಟುಲೂಸ್‌ನಲ್ಲಿ ಕನೆಕ್ಟರ್ ಹಾಕಲು ಹೋದರೆ ವೈರು ಗಿಡ್ಡ! ಜರ್ಮನಿಯಿಂದ ಕೆಲಸಗಾರರನ್ನು ಕರೆಸಿ ಕೈಯಿಂದಲೇ ಮತ್ತೆ ಎಳೆಸಿದರು. ಸುಮಾರು ಎರಡು ವರ್ಷ ಹೋಯಿತು.

ಎರಡನೇ ಪೆಟ್ಟು ಮಾರುಕಟ್ಟೆಯದು. ಎರಡು ಇಂಜಿನ್‌ನ ಬೋಯಿಂಗ್ 777, 787, ಸ್ವತಃ ಏರ್‌ಬಸ್‌ನದೇ ಎ350 ಬಂದ ಮೇಲೆ ನಾಲ್ಕು ಇಂಜಿನ್ ಉರಿಸುವುದು ದುಬಾರಿಯಾಯಿತು. ದೊಡ್ಡ ಊರಿಗೆ ಹೋಗಿ ಅಲ್ಲಿಂದ ಬದಲಿಸುವ ಬದಲು ಜನ ನೇರ ಹೋಗಲು ಇಷ್ಟಪಟ್ಟರು. ದುಬೈಯಂಥ ಕೂಡುನಿಲ್ದಾಣಕ್ಕೆ ಮಾತ್ರ ಇದು ಹೇಳಿಮಾಡಿಸಿದಂತಿದೆ. 2022ರ ಅಕ್ಟೋಬರಿನಿಂದ ಬೆಂಗಳೂರಿಗೂ ಬರುತ್ತಿದೆ.

ಎ350 ಪ್ಲಾಸ್ಟಿಕ್ ವಿಮಾನವಂತೆ. ಸಿಡಿಲು ಹೊಡೆದರೆ?

ತೂಕದಲ್ಲಿ ಶೇ 53ರಷ್ಟು ಕಾಂಪೋಸಿಟ್, ಅಂದರೆ ಕಾರ್ಬನ್ ನೂಲನ್ನು ರಾಳದಲ್ಲಿ ಕೂರಿಸಿ ಬೇಯಿಸಿದ ವಸ್ತು. ಅಲ್ಯೂಮಿನಿಯಂನಷ್ಟು ಚೆನ್ನಾಗಿ ಅದು ವಿದ್ಯುತ್ ಹರಿಸದು. ಹಾಗಾಗಿ ಬಣ್ಣದಡಿ ತೆಳು ತಾಮ್ರದ ಜಾಲರಿ ಹಾಸಿರುತ್ತಾರೆ, ಸಿಡಿಲಿನ ಕರೆಂಟು ಅದರಲ್ಲಿ ಹರಡಿ ಹೋಗುತ್ತದೆ. ಬಣ್ಣ, ಜಾಲರಿ, ಕಾರ್ಬನ್ ಮೂರೂ ಬಿಸಿಗೆ ಬೇರೆ ಬೇರೆಯಾಗಿ ಹಿಗ್ಗುತ್ತವೆ. ಕತಾರ್ ಏರ್‌ವೇಸ್ ವಿಮಾನಗಳಲ್ಲಿ ಬಣ್ಣ ಬಿರಿದು ಜಾಲರಿ ಕಾಣಿಸಿದ್ದೇ ದೊಡ್ಡ ವ್ಯಾಜ್ಯವಾಯಿತು. ಲಂಡನ್ ಕೋರ್ಟ್ ಮೆಟ್ಟಿಲೇರಿದ್ದು 2023ರ ಫೆಬ್ರವರಿಯಲ್ಲಿ ರಾಜಿಯಾಯಿತು. ಹಾರಾಟಕ್ಕೆ ಅಪಾಯವಿಲ್ಲ ಎಂಬುದು ಯುರೋಪಿನ ಸುರಕ್ಷತಾ ಸಂಸ್ಥೆಯ ನಿಲುವಾಗಿತ್ತು.

## ಹಣ, ಆರ್ಡರು, ತಡ

ಒಂದು ಎ320ಗೆ ಎಷ್ಟು ದುಡ್ಡು?

ಬೆಲೆಪಟ್ಟಿ ಕೊನೆಯದಾಗಿ ಪ್ರಕಟವಾದದ್ದು 2018ರಲ್ಲಿ. ಅದರಂತೆ ಎ320ನಿಯೋ 11.06 ಕೋಟಿ ಡಾಲರ್, ಎ350-900 31.74 ಕೋಟಿ ಡಾಲರ್. ಸೀರೆ ಅಂಗಡಿಯ ಚೀಟಿಯ ಹಾಗೆ ಅದು ಚೌಕಾಸಿ ಶುರುಮಾಡುವ ಬೆಲೆ. ಒಟ್ಟಿಗೆ ನೂರಾರು ವಿಮಾನ ಕೊಳ್ಳುವವರು ಅದರ ಅರ್ಧದ ಆಸುಪಾಸು ಕೊಡುತ್ತಾರೆಂಬುದು ಉದ್ಯಮದ ಸಾಮಾನ್ಯ ಅಂದಾಜು. ಹಣವನ್ನು ಕಂತುಗಳಲ್ಲಿ ಕೊಡುತ್ತಾ ಬಂದು ದೊಡ್ಡ ಪಾಲನ್ನು ವಿಮಾನ ಕೈಗೆ ಬರುವ ದಿನ ಕಟ್ಟುತ್ತಾರೆ. ಎಷ್ಟೋ ಕಂಪನಿಗಳು ಅದೇ ದಿನ ವಿಮಾನವನ್ನು ಲೀಸ್ ಕಂಪನಿಗೆ ಮಾರಿ, ಬಾಡಿಗೆಗೆ ವಾಪಸ್ ಪಡೆಯುತ್ತವೆ. ಇಂಡಿಗೋ ಬೆಳೆದದ್ದು ಬಹುಮಟ್ಟಿಗೆ ಈ ದಾರಿಯಲ್ಲೇ.

ಇಂಡಿಗೋ 500, ಏರ್ ಇಂಡಿಯಾ 250 ಆರ್ಡರ್ ಕೊಟ್ಟಿತು ಅಂತ 2023ರಲ್ಲಿ ಸುದ್ದಿ. ಎಲ್ಲಾ ಯಾವಾಗ ಬರುತ್ತೆ?

ನಿಧಾನವಾಗಿ, ಮುಂದಿನ ದಶಕದವರೆಗೂ. 2024ರ ಕೊನೆಗೆ ಏರ್‌ಬಸ್‌ನ ಬಾಕಿ ಆರ್ಡರ್ 8,658. ಆ ವರ್ಷ ಕೊಟ್ಟದ್ದು 766. ಭಾಗಿಸಿದರೆ ಹನ್ನೊಂದು ವರ್ಷ. ಕೋವಿಡ್‌ಗೆ ಮೊದಲು, 2019ರಲ್ಲಿ 863 ಕೊಟ್ಟಿದ್ದರು. ವೇಗ ಹೆಚ್ಚಿಸಲು ಅಡ್ಡಿ ಇರುವುದು ಬಿಡಿಭಾಗಗಳಲ್ಲಿ: ಇಂಜಿನ್, ಸೀಟು, ಶೌಚಾಲಯದ ಘಟಕಗಳು. 2025ರ ನಡುವೆ 60 ವಿಮಾನಗಳು ಪೂರ್ತಿಯಾಗಿಯೂ ಇಂಜಿನ್ ಇಲ್ಲದೆ ನಿಂತಿದ್ದವು. ಅವಕ್ಕೆ ಕಾರ್ಖಾನೆಯವರು ಇಟ್ಟ ಹೆಸರು 'ಗ್ಲೈಡರ್'.

ಹೊಸ ವಿಮಾನಗಳೇ ಇಂಜಿನ್ ತೊಂದರೆಯಿಂದ ತಿಂಗಳುಗಟ್ಟಲೆ ನಿಂತವಲ್ಲ, ಏರ್‌ಬಸ್ ತಪ್ಪಲ್ಲವೇ?

ಇಂಜಿನ್ ಏರ್‌ಬಸ್ ಮಾಡುವುದಿಲ್ಲ. ಎ320ನಿಯೋ ಕೊಳ್ಳುವವರು ಲೀಪ್ ಅಥವಾ ಪ್ರಾಟ್‌ನ ಗೇರ್ ಇಂಜಿನ್ ಆರಿಸಿ, ಆ ಕಂಪನಿಯೊಂದಿಗೆ ಬೇರೆಯೇ ಕರಾರು ಮಾಡಿಕೊಳ್ಳುತ್ತಾರೆ. ಪ್ರಾಟ್ ಇಂಜಿನ್‌ನ ಕೆಲವು ಡಿಸ್ಕ್‌ಗಳನ್ನು ಲೋಹದ ಪುಡಿಯನ್ನು ಒತ್ತಿ ಮಾಡುತ್ತಾರೆ. 2015ರ ಕೊನೆಯಿಂದ 2021ರವರೆಗೆ ತಯಾರಾದ ಪುಡಿಯಲ್ಲಿ ಕಲ್ಮಷ ಸೇರಿತ್ತೆಂದು 2023ರಲ್ಲಿ ಹೊರಬಿತ್ತು. ಅಂಥ ಕಣದಿಂದ ಡಿಸ್ಕಿನಲ್ಲಿ ಬಿರುಕು ಬೇಗ ಹುಟ್ಟಬಹುದು. ವೇಗವಾಗಿ ತಿರುಗುವ ಡಿಸ್ಕ್ ಒಡೆದರೆ ಇಂಜಿನ್ ಕವಚವೂ ತಡೆಯದು. ಹಾಗಾಗಿ ಇಂಜಿನ್ ಇಳಿಸಿ, ಬಿಚ್ಚಿ, ಶ್ರವಣಾತೀತ ತರಂಗದಿಂದ ಪರೀಕ್ಷಿಸಲೇಬೇಕಾಯಿತು. ವರ್ಕ್‌ಶಾಪ್‌ಗೆ ಹೋದ ಒಂದು ಇಂಜಿನ್ ಮರಳಲು 250ರಿಂದ 300 ದಿನ. ಇಂಡಿಗೋದ ಹತ್ತಾರು ವಿಮಾನಗಳು ಹೀಗೆ ನಿಂತವು. ಗೋ ಫಸ್ಟ್ 2023ರ ಮೇನಲ್ಲಿ ಹಾರಾಟ ನಿಲ್ಲಿಸಿದಾಗ ದೂರಿದ್ದೂ ಪ್ರಾಟ್ ಇಂಜಿನ್‌ಗಳನ್ನೇ.

ಬಿಸಿಲಿನಿಂದ ವಿಮಾನದ ಸಾಫ್ಟ್‌ವೇರ್ ಕೆಟ್ಟಿತು ಅಂದರಲ್ಲ, 2025ರ ನವೆಂಬರಿನಲ್ಲಿ?

ಬಿಸಿಲಲ್ಲ, ಸೂರ್ಯನಿಂದ ಬರುವ ವಿಕಿರಣ. ಎತ್ತರದಲ್ಲಿ ಅದರ ಒಂದು ಕಣ ಕಂಪ್ಯೂಟರ್ ಚಿಪ್ಪಿನ ನೆನಪಿನಲ್ಲಿರುವ ಸೊನ್ನೆಯನ್ನು ಒಂದಾಗಿಸಬಲ್ಲದು. ಇದು ಹಳೆಯ ಸಂಗತಿ, ತಂತ್ರಾಂಶ ಅದನ್ನು ಹಿಡಿದು ತಿದ್ದಬೇಕು. 2025ರ ಅಕ್ಟೋಬರ್ 30ರಂದು ಜೆಟ್‌ಬ್ಲೂ ಸಂಸ್ಥೆಯ ಎ320 ಪೈಲಟ್ ಹೇಳದೆಯೇ ಮೂಗು ತಗ್ಗಿಸಿ ಹಲವರಿಗೆ ಗಾಯವಾಯಿತು. ಫಲಕಗಳನ್ನು ತಿರುಗಿಸುವ ಎಲಾಕ್ ಕಂಪ್ಯೂಟರಿನ ತಂತ್ರಾಂಶದ ಹೊಸ ಆವೃತ್ತಿಯ ಮೇಲೆ ಅನುಮಾನ ಬಂತು. ನವೆಂಬರ್ 28ರಂದು ಜಗತ್ತಿನ ಸುಮಾರು 6,000 ವಿಮಾನಗಳಿಗೆ ಹಿಂದಿನ ಆವೃತ್ತಿಗೆ ಮರಳಲು ಸೂಚನೆ ಹೋಯಿತು, ಭಾರತದಲ್ಲಿ 338. ಹೆಚ್ಚಿನವಕ್ಕೆ ಎರಡು ಮೂರು ಗಂಟೆಯ ಕೆಲಸ. ಹಳೆಯ ಕೆಲವಕ್ಕೆ ಕಂಪ್ಯೂಟರ್ ಪೆಟ್ಟಿಗೆಯನ್ನೇ ಬದಲಿಸಬೇಕಿತ್ತು.

ಲಂಚದ ಪ್ರಕರಣ ಏನಾಯಿತು?

ವಿಮಾನ ಮಾರಾಟಕ್ಕೆ ಮಧ್ಯವರ್ತಿಗಳ ಮೂಲಕ ಲಂಚ ನೀಡಿದ ತನಿಖೆಗಳನ್ನು ಇತ್ಯರ್ಥಗೊಳಿಸಲು 2020ರ ಜನವರಿಯಲ್ಲಿ ಫ್ರಾನ್ಸ್, ಬ್ರಿಟನ್, ಅಮೆರಿಕಗಳಿಗೆ ಒಟ್ಟು 360 ಕೋಟಿ ಯೂರೋ ಕಟ್ಟಲು ಒಪ್ಪಿಕೊಂಡಿತು. ಸರ್ಕಾರಿ ಸಹಾಯಧನದ ಬಗ್ಗೆ ಬೋಯಿಂಗ್ ಜೊತೆಗಿನ ಜಗಳ ಬೇರೆ. ಅದು 2004ರಿಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಡೆದು, 2021ರ ಜೂನ್‌ನಲ್ಲಿ ಐದು ವರ್ಷದ ಕದನವಿರಾಮಕ್ಕೆ ಬಂತು.

## ಕರ್ನಾಟಕ ಮತ್ತು ಕೆಲಸ

ನಮ್ಮಲ್ಲಿ ಏರ್‌ಬಸ್‌ನದು ಏನು ತಯಾರಾಗುತ್ತೆ?

ಕಿಟಕಿ ಸೀಟು ಸಿಕ್ಕಾಗ ರೆಕ್ಕೆಯ ಹಿಂದಂಚು ನೋಡಿ. ಅಡಿಯಿಂದ ದೋಣಿಯಾಕಾರದ ಕವಚಗಳ ತುದಿ ಚಾಚಿರುತ್ತದೆ. ಅದರೊಳಗಿನ, ಫ್ಲ್ಯಾಪ್ ಜಾರುವ ಹಳಿಯನ್ನು ಹೊರುವ ತೊಲೆಯನ್ನು ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ ಮಾಡುತ್ತದೆ. ಎ220 ವಿಮಾನದ ಬಾಗಿಲುಗಳ ಕರಾರೂ 2024ರಲ್ಲಿ ಅವರಿಗೇ ಸಿಕ್ಕಿತು. ಎ320ಯ ಮುಂಬಾಗಿಲನ್ನು ಎಚ್‌ಎಎಲ್ ದಶಕಗಳಿಂದ ಕಟ್ಟುತ್ತಾ ಬಂದಿದೆ. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಏಕಸ್ ಬಿಡಿಭಾಗ ಕೊರೆಯುತ್ತದೆ. ಹೆಲಿಕಾಪ್ಟರ್ ಒಡಲಿನ ಕರಾರು 2025ರಲ್ಲಿ ಮಹೀಂದ್ರಾಕ್ಕೆ ಬಂತು. ಏರ್‌ಬಸ್‌ನದೇ ಇಂಜಿನಿಯರಿಂಗ್ ಕೇಂದ್ರ 2007ರಿಂದ ಬೆಂಗಳೂರಿನಲ್ಲಿದೆ.

ಪೂರ್ತಿ ವಿಮಾನವನ್ನೇ ಇಲ್ಲಿ ಯಾಕೆ ಕಟ್ಟಬಾರದು?

ಎರಡು ಕಡೆ ಶುರುವಾಗಿದೆ. ವಾಯುಪಡೆಗೆ 56 ಸಿ295 ಕೊಡುವ 2021ರ ಕರಾರಿನಲ್ಲಿ 16 ಸ್ಪೇನಿನ ಸೆವಿಲ್‌ನಿಂದ, 40 ಟಾಟಾದ ವಡೋದರಾ ಘಟಕದಿಂದ. ಎಚ್125 ಹೆಲಿಕಾಪ್ಟರಿನ ಜೋಡಣೆಗೆ ಟಾಟಾ ಆರಿಸಿದ ಜಾಗ ಕೋಲಾರದ ವೇಮಗಲ್. 2005ರಲ್ಲಿ ಎವರೆಸ್ಟ್ ತುದಿಯ ಮೇಲೆ ಇಳಿದದ್ದು ಇದೇ ಮಾದರಿ. ಎ320ಯ ಮಾತು ಬೇರೆ. ಜೋಡಣೆಯೆಂಬುದು ಒಟ್ಟು ಬೆಲೆಯ ಸಣ್ಣ ಪಾಲು, ಫೋಟೋಗೆ ಚೆನ್ನ. ಬಾಗಿಲು, ತೊಲೆಗಳಂಥ ಕೆಲಸದಲ್ಲೇ ಕೌಶಲವೂ ಹಣವೂ ಹೆಚ್ಚು ಕಾಲ ಊರಲ್ಲಿ ಉಳಿಯುತ್ತದೆ.

ಮಗ ಡಿಪ್ಲೊಮಾ ಮುಗಿಸಿದ್ದಾನೆ. ಏರ್‌ಬಸ್ ಕೆಲಸಕ್ಕೆ ಏನು ಕಲಿಯಬೇಕು?

ವಿನ್ಯಾಸಕ್ಕೆ ಬಿ.ಇ. ಜೊತೆ ಕಟಿಯಾ ವಿನ್ಯಾಸ ತಂತ್ರಾಂಶ, ಜಿಡಿ ಅಂಡ್ ಟಿ (ಡ್ರಾಯಿಂಗ್‌ನಲ್ಲಿ ಅಳತೆ, ಆಕಾರ ಎಷ್ಟು ತಪ್ಪಬಹುದೆಂದು ಬರೆಯುವ ಭಾಷೆ) ಮತ್ತು ಬಲದ ಲೆಕ್ಕಾಚಾರ ಬೇಕು. ವಿಮಾನ ರಿಪೇರಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಲೈಸೆನ್ಸ್‌ನ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಬೇರೆಯೇ ಓದು, ಅದನ್ನು ಏರೋನಾಟಿಕಲ್ ಡಿಗ್ರಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಡಿಪ್ಲೊಮಾದವರಿಗೆ ಹತ್ತಿರದ ಬಾಗಿಲು ಬಿಡಿಭಾಗ ಪೂರೈಸುವ ಕಂಪನಿಗಳ ಐದು ಆ್ಯಕ್ಸಿಸ್ ಮೆಷಿನ್ ಮತ್ತು ಸಿಎಂಎಂ ಅಳತೆ ವಿಭಾಗ. ಕೆಲಸ ಕೊಡಿಸಲು ಠೇವಣಿ ಕೇಳಿದರೆ ಅದು ಮೋಸ.

## ಮೆಷಿನ್ ಶಾಪಿನವರಿಗೆ

ಪೀಣ್ಯದಲ್ಲಿ ಲೋಹ ಕೊರೆಯುವ ನಾಲ್ಕು ವಿಎಂಸಿ ಮೆಷಿನ್ ಇದೆ. ಏರ್‌ಬಸ್‌ಗೆ ಪಾರ್ಟ್ ಕೊಡಬಹುದಾ?

ನೇರವಾಗಿ ಕಷ್ಟ. ಏರ್‌ಬಸ್ ಮಾತಾಡುವುದು ಮೊದಲ ಸಾಲಿನ ಪೂರೈಕೆದಾರರ ಜೊತೆ, ನೀವು ಅವರ ಕೆಳಗೆ ಜಾಬ್‌ವರ್ಕ್‌ನಿಂದ ಶುರುಮಾಡಬೇಕು. ಮೊದಲು ವಿಮಾನೋದ್ಯಮದ ಗುಣಮಟ್ಟಕ್ಕೆ ಕೊಡುವ ಎಎಸ್9100 ಪ್ರಮಾಣಪತ್ರ. ಹೀಟ್ ಟ್ರೀಟ್‌ಮೆಂಟ್, ಅನೋಡೈಸಿಂಗ್, ಪ್ಲೇಟಿಂಗ್, ಬಿರುಕು ಪರೀಕ್ಷೆಗಳಂಥ ವಿಶೇಷ ಪ್ರಕ್ರಿಯೆಗಳಿಗೆ ನ್ಯಾಡ್‌ಕ್ಯಾಪ್ ಎಂಬ ಮಾನ್ಯತೆ ಬೇಕು. ಅದನ್ನು ನೀವೇ ಪಡೆಯಬೇಕಿಲ್ಲ, ಮಾನ್ಯತೆ ಇರುವವರಿಗೆ ಕಳಿಸಬಹುದು. ಆದರೆ ಅವರು ಆ ಗಿರಾಕಿಯ ಪಟ್ಟಿಯಲ್ಲಿದ್ದಾರೆಯೇ ಎಂದು ಜಾಬ್ ಕಳಿಸುವ ಮೊದಲು ನೋಡಿ.

ಕಚ್ಚಾ ಲೋಹಕ್ಕೆ ಮಿಲ್ ಸರ್ಟಿಫಿಕೇಟ್ 3.1 ಇರಬೇಕು, ಅದರ ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಸಂಖ್ಯೆ) ಲೋಹದ ಮೇಲಿನದಕ್ಕೆ ತಾಳೆಯಾಗಬೇಕು. ಪ್ಲೇಟ್ ಕತ್ತರಿಸಿದಾಗ ನಂಬರ್ ಇರುವ ತುಂಡು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಹೋಗುತ್ತದೆ. ಕತ್ತರಿಸುವ ಮೊದಲೇ ಎರಡರ ಮೇಲೂ ಬರೆಯಿರಿ. ನಂಬರ್ ಹೋದ 7050 ಅಲ್ಯೂಮಿನಿಯಂ ತುಂಡು ಗುಜರಿ, ಎಷ್ಟು ಚೆಂದವಿದ್ದರೂ.

ಮೊದಲ ಜಾಬ್‌ಗೆ ಎಎಸ್9102 ಪ್ರಕಾರ ಎಫ್‌ಎಐ, ಅಂದರೆ ಮೊದಲ ತುಂಡಿನ ಪೂರ್ತಿ ತಪಾಸಣೆ. ಮೂರು ನಮೂನೆ: ಪಾರ್ಟ್ ನಂಬರ್‌ಗಳದ್ದು, ಲೋಹ ಮತ್ತು ವಿಶೇಷ ಪ್ರಕ್ರಿಯೆಗಳದ್ದು, ಅಳತೆಗಳದ್ದು. ಡ್ರಾಯಿಂಗ್‌ನ ಪ್ರತಿ ಅಳತೆಗೂ, ಟಿಪ್ಪಣಿಗೂ ಬಲೂನ್ (ಸಂಖ್ಯೆಯ ಸುತ್ತು) ಹಾಕಿ ನಿಜವಾದ ಅಂಕಿ ಬರೆಯಬೇಕು, 'ಓಕೆ' ಅಂದರೆ ನಡೆಯದು. ಮೆಷಿನ್, ಜಾಗ, ಪ್ರೋಗ್ರಾಂ ಬದಲಾದರೆ ಸಂಬಂಧಪಟ್ಟ ಭಾಗ ಮತ್ತೆ ಮಾಡಬೇಕು. ಎರಡು ವರ್ಷ ಆ ಪಾರ್ಟ್ ಮಾಡದಿದ್ದರೂ ಮತ್ತೆ.

ಮೆಷಿನ್ ಮೇಲೆ ಸರಿಯಾಗಿತ್ತು, ಗಿರಾಕಿ ಹತ್ತಿರ ರಿಜೆಕ್ಟ್ ಆಯ್ತು. ಎಲ್ಲಿ ತಪ್ಪಿತು?

ಬಹುಸಲ ತಾಪಮಾನದಲ್ಲಿ. ಡ್ರಾಯಿಂಗ್‌ನ ಅಳತೆ 20 ಡಿಗ್ರಿಯದ್ದು. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ಶೀಟಿನ ಶೆಡ್ಡಿನಲ್ಲಿ 32 ಡಿಗ್ರಿ ಇದ್ದರೆ ಮೀಟರ್ ಉದ್ದದ ಜಾಬ್ ಸುಮಾರು 0.28 ಮಿ.ಮೀ. ಹೆಚ್ಚು ಉದ್ದ ತೋರಿಸುತ್ತದೆ. ಅದನ್ನು ಉಕ್ಕಿನ ವರ್ನಿಯರ್‌ನಲ್ಲಿ ಅಳೆದರೆ ವರ್ನಿಯರ್ ಕೂಡ ಒಂದಷ್ಟು ಹಿಗ್ಗಿ ಅರ್ಧ ತಪ್ಪು ಮುಚ್ಚಿಹೋಗುತ್ತದೆ. ಜಾಬನ್ನು ಎಸಿ ಕೋಣೆಯಲ್ಲಿ ಸಾಕಷ್ಟು ಹೊತ್ತು ಬಿಟ್ಟು ಆಮೇಲೆ ಅಳೆಯಿರಿ.

ಎರಡನೆಯದು ಬಾಗುವುದು. ದಪ್ಪ ಪ್ಲೇಟಿನಿಂದ ಶೇ 90ರಷ್ಟು ಕೊರೆದು ತೆಗೆದಾಗ ಒಳಗಿನ ಬಿಗಿತ ಬಿಚ್ಚಿಕೊಂಡು, ಕ್ಲ್ಯಾಂಪ್ ಸಡಿಲಿಸಿದ ಕೂಡಲೇ ಜಾಬ್ ಬಾಳೆಹಣ್ಣಿನಂತೆ ಬಾಗುತ್ತದೆ. ಟಿ7451ರಂಥ ಎಳೆದು ಬಿಗಿತ ತೆಗೆದ ಪ್ಲೇಟ್ ಕೊಳ್ಳಿ. ಎರಡೂ ಬದಿ ಒರಟಾಗಿ ಕೊರೆದು, ಕ್ಲ್ಯಾಂಪ್ ಬಿಚ್ಚಿ, ರಾತ್ರಿಯಿಡೀ ಬಿಟ್ಟು, ತಳ ಮತ್ತೆ ಸಮಮಾಡಿಕೊಂಡು ಫಿನಿಷ್‌ಗೆ ಹೋಗಿ.

ಉಳಿದವು ಬರ್, ಚೂಪು ಅಂಚು, ಟೂಲ್ ಗೀರು. ಬಿರುಕು ಹುಟ್ಟುವುದು ಅಲ್ಲೇ, ಬಣ್ಣವೂ ನಿಲ್ಲದು. ಹೆಚ್ಚು ಬಲದ ಉಕ್ಕಿಗೆ ಕ್ಯಾಡ್ಮಿಯಂ ಪ್ಲೇಟಿಂಗ್ ಆದ ಮೇಲೆ ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ, ಸುಮಾರು 190 ಡಿಗ್ರಿಯಲ್ಲಿ, ನಿಗದಿತ ಹೊತ್ತು ಬೇಯಿಸಬೇಕು. ಇಲ್ಲದಿದ್ದರೆ ಒಳಹೊಕ್ಕ ಹೈಡ್ರೋಜನ್ ಬೋಲ್ಟನ್ನು ಗಾಜಿನಂತೆ ಒಡೆಸುತ್ತದೆ. ಹೊರಗಿನಿಂದ ಏನೂ ಕಾಣದು. ಓವನ್ ಚಾರ್ಟಿನಲ್ಲಿ ಪ್ಲೇಟಿಂಗ್ ಮುಗಿದ ಸಮಯ, ಒಳಗಿಟ್ಟ ಸಮಯ ಎರಡೂ ಇವೆಯೇ ನೋಡಿ.

ರಂಧ್ರ 0.05 ಮಿ.ಮೀ. ದೊಡ್ಡದಾಯ್ತು. ಬುಶ್ ಹಾಕಿ ಕಳಿಸಿದರೆ ಯಾರಿಗೂ ಗೊತ್ತಾಗಲ್ಲ, ಅಲ್ವಾ?

ಈ ಒಂದು ಕೆಲಸ ಮಾತ್ರ ಬೇಡ. ದೊಡ್ಡದಾದ ರಂಧ್ರಕ್ಕೆ ಕ್ಷಮೆ ಸಿಗಬಹುದು, ಬಚ್ಚಿಟ್ಟದ್ದಕ್ಕೆ ಸಿಗದು. ಜಾಬ್‌ಗೆ ಕೆಂಪು ಚೀಟಿ ಕಟ್ಟಿ ಬೀಗವಿರುವ ಜಾಗದಲ್ಲಿಡಿ. ಅದೇ ಟೂಲಿನಲ್ಲಿ ಹಿಂದೆ ಮಾಡಿದವನ್ನೆಲ್ಲ ಅಳೆಯಿರಿ, ಈಗಾಗಲೇ ಕಳಿಸಿದ್ದರೆ ಅದನ್ನೂ ಬರೆದು ತಿಳಿಸಿ. ಯಾವ ರಂಧ್ರ, ನಿಜವಾದ ಅಳತೆ ಎಷ್ಟು, ಅಂಚಿನಿಂದ ಎಷ್ಟು ದೂರ ಎಂದು ವರದಿ ಕಳಿಸಿ. ವಿನ್ಯಾಸ ವಿಭಾಗದವರು ಲೆಕ್ಕ ಹಾಕಿ ಮೂರರಲ್ಲಿ ಒಂದು ಹೇಳುತ್ತಾರೆ: ಹಾಗೇ ಬಳಸಿ, ದಪ್ಪ ಫಾಸ್ಟನರ್ ಹಾಕಿ, ಎಸೆಯಿರಿ. ಮೊದಲೆರಡಕ್ಕೆ ಕನ್ಸೆಷನ್ (ವಿನಾಯಿತಿ) ನಂಬರ್ ಬರುತ್ತದೆ. ಆ ನಂಬರ್ ಪಾರ್ಟಿನ ದಾಖಲೆಯಲ್ಲಿ ಸೇರಿ, ವಿಮಾನದ ಎಂಎಸ್‌ಎನ್ ಜೊತೆ ಅದು ಗುಜರಿಗೆ ಹೋಗುವವರೆಗೂ ಉಳಿಯುತ್ತದೆ. ಇಪ್ಪತ್ತು ವರ್ಷದ ಮೇಲೆ ಎಲ್ಲೋ ಒಂದು ಹ್ಯಾಂಗರಿನಲ್ಲಿ ಆ ಫಾಸ್ಟನರ್ ಬಿಚ್ಚುವವರು ಯಾವ ಅಳತೆಯದ್ದು ಹಾಕಬೇಕೆಂದು ನೋಡುವುದು ಆ ದಾಖಲೆಯನ್ನೇ.